ಸೀಸದ ಪೆಟ್ಟಿಗೆಯಲ್ಲಿ ಉಳಿದ ಕೂದಲು

1964ರ ಡಿಸೆಂಬರ್. ಲಂಡನ್ ಟವರಿನಿಂದ ನಡೆದು ಹೋಗುವಷ್ಟು ದೂರದ ಮಿನೊರೀಸ್‌ನಲ್ಲಿ ನೆಲ ಅಗೆಯುತ್ತಿದ್ದ ಕೆಲಸಗಾರರಿಗೆ ಸೀಸದ ಪುಟ್ಟ ಶವಪೆಟ್ಟಿಗೆಯೊಂದು ಸಿಕ್ಕಿತು. ಒಳಗಿದ್ದದ್ದು ಒಂದು ಮಗು. ಐದು ಶತಮಾನ ಸಮೀಪಿಸಿದ್ದರೂ ತಲೆಬುರುಡೆಯ ಮೇಲೆ ಕೂದಲಿತ್ತು.

ಅದನ್ನು ನೆನೆದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ.

ಆನ್ ಮೌಬ್ರೆ ಅವಳ ಹೆಸರು. ನಾರ್ಫೋಕ್‌ನ ಡ್ಯೂಕ್‌ಗೆ ಒಬ್ಬಳೇ ಮಗಳು. 1472ರ ಡಿಸೆಂಬರ್ 10ರಂದು ಫ್ರಾಮ್ಲಿಂಗಮ್ ಕೋಟೆಯಲ್ಲಿ ಹುಟ್ಟಿದಳು. ಮೂರು ತುಂಬಿ ತಿಂಗಳು ಕಳೆಯುವಷ್ಟರಲ್ಲಿ ಅಪ್ಪ ತೀರಿಕೊಂಡ. ಮನೆತನದ ಅಪಾರ ಭೂಮಿ ಅವಳ ಪಾಲಿಗೆ ಬಂತು. ದೊರೆ ನಾಲ್ಕನೆಯ ಎಡ್ವರ್ಡ್ ತಡಮಾಡದೆ ಅವಳನ್ನು ತನ್ನ ಎರಡನೆಯ ಮಗ ರಿಚರ್ಡ್‌ಗೆ ತಂದುಕೊಂಡ. 1478ರ ಜನವರಿ 15ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮದುವೆ. ವರನಿಗೆ ನಾಲ್ಕು, ವಧುವಿಗೆ ಐದು. ನೆಂಟಸ್ತಿಕೆ ಹತ್ತಿರದ್ದಾದ್ದರಿಂದ ಪೋಪ್‌ನ ಅಪ್ಪಣೆ ಬೇಕಾಯಿತು. ವರನ ಚಿಕ್ಕಪ್ಪ, ಗ್ಲಾಸ್ಟರ್‌ನ ಡ್ಯೂಕ್, ನೆರೆದ ಜನರತ್ತ ಚಿನ್ನ ಬೆಳ್ಳಿಯ ನಾಣ್ಯ ಎರಚಿದ. ಅಪ್ಪಣೆಯ ಪತ್ರ ಆ ಮಗುವಿಗೆ ಏನು ಅರ್ಥವಾದೀತು? ನಾಣ್ಯ ಉರುಳುವ ಸದ್ದಿಗೆ ಮಾತ್ರ ತಿರುಗಿ ನೋಡಿರಬೇಕು.

1481ರ ನವೆಂಬರ್ 19ರಂದು ಗ್ರೀನಿಚ್‌ನಲ್ಲಿ ಕಣ್ಣುಮುಚ್ಚಿದಳು. ಒಂಬತ್ತು ತುಂಬಲು ಮೂರು ವಾರವಿತ್ತು. ಆಸ್ತಿಯನ್ನು ಪಾರ್ಲಿಮೆಂಟು ಅವಳ ದಾಯಾದಿಗಳಿಗೆ ಬಿಡದೆ ಪುಟ್ಟ ಗಂಡನಿಗೇ ಉಳಿಸಿತು. 1483ರಲ್ಲಿ ಆ ಗಂಡ ಅಣ್ಣನೊಂದಿಗೆ ಟವರಿನೊಳಗೆ ಕಣ್ಮರೆಯಾದ. ನಾಣ್ಯ ಎರಚಿದ ಚಿಕ್ಕಪ್ಪ ಸಿಂಹಾಸನವೇರಿದ.

ಶವಪೆಟ್ಟಿಗೆಯ ಮೇಲಿನ ಲ್ಯಾಟಿನ್ ಬರಹ ಅವಳನ್ನು ಇಂಥವನ ಮಗಳು, ವಾರಸುದಾರಳು, ಇಂಥವನ ಹೆಂಡತಿ ಎಂದು ಉದ್ದಕ್ಕೆ ಗುರುತಿಸುತ್ತದೆ. ಎಲುಬುಗಳು ಹೇಳಿದ್ದೇ ಬೇರೆ: ಕೆಲವು ದವಡೆ ಹಲ್ಲುಗಳು ಅವಳಿಗೆ ಹುಟ್ಟಿಯೇ ಇರಲಿಲ್ಲ. ಇದು ಯಾವ ವಾರಸಾ ಪತ್ರಕ್ಕೂ ಬೇಕಿರಲಿಲ್ಲ. ಕೂದಲೂ ಅಷ್ಟೆ. ಯಾವುದೋ ಬೆಳಗ್ಗೆ ಯಾರೋ ಅದರ ಸಿಕ್ಕು ಬಿಡಿಸಿದ್ದಾರೆ, ನೋವಾಗಿ ಅವಳು ತಲೆ ಕೊಸರಿಕೊಂಡಿದ್ದಾಳೆ. ಹಾಗೆಂದು ಬರೆದಿಟ್ಟವರಿಲ್ಲ, ಆದರೂ ನನಗೆ ಸಂಶಯವಿಲ್ಲ.

ಮೊದಲು ಹೂಳಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಏಳನೆಯ ಹೆನ್ರಿ ಹೊಸ ಚಾಪೆಲ್ ಕಟ್ಟಿಸಲು ಹಳೆಯದನ್ನು ಕೆಡವಿದಾಗ ಪೆಟ್ಟಿಗೆ ಮಿನೊರೀಸ್‌ನ ಸನ್ಯಾಸಿನಿಯರ ಮಠಕ್ಕೆ ಬಂತು. ಅವಳ ತಾಯಿ ಎಲಿಜಬೆತ್ ವಿಧವೆಯಾಗಿ ಕೊನೆಯ ದಿನಗಳನ್ನು ಕಳೆದದ್ದು ಅಲ್ಲೇ.

1965ರಲ್ಲಿ ಗೌರವದಿಂದ ಮತ್ತೆ ಅಬೆಗೆ ಒಯ್ದರು. ಟವರಿನಲ್ಲಿ ಸಿಕ್ಕ, ಕಣ್ಮರೆಯಾದ ಆ ಅಣ್ಣತಮ್ಮಂದಿರದೆಂದು ನಂಬಿದ ಎಲುಬುಗಳ ಪಾತ್ರೆಯ ಸಮೀಪದಲ್ಲೇ ಈಗ ಮಲಗಿದ್ದಾಳೆ. ಗಂಡನ ಬಳಿ ಎನ್ನಬಹುದೇನೋ. ನನ್ನನ್ನು ಕೇಳಿದ್ದರೆ, ಅಮ್ಮ ಇದ್ದ ಮಣ್ಣಿನಲ್ಲೇ ಬಿಡಿ ಎನ್ನುತ್ತಿದ್ದೆ.