ಮನಸ್ಸು ನಿಂತ ನೀರಾಗದಿರಲಿ

ಶ್ರೀ ಮಹಾಕೂಟೇಶ್ವರನ ಸನ್ನಿಧಿಗೆ ಬಂದಿರುವ ಭಕ್ತಬಂಧುಗಳೇ, ತಾಯಂದಿರೇ,

ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿದು ನಡೆದು ಬಂದವರೂ ನಿಮ್ಮಲ್ಲಿದ್ದೀರಿ, ಬನಶಂಕರಿ ತಾಯಿಯ ದರ್ಶನ ಮುಗಿಸಿಕೊಂಡು ಗಾಡಿಯಲ್ಲಿ ಬಂದವರೂ ಇದ್ದೀರಿ. ಹೇಗೇ ಬಂದರೂ ಇಲ್ಲಿಯ ವಿಷ್ಣು ಪುಷ್ಕರಣಿಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂಡದೆ ಯಾರೂ ಹೋಗುವುದಿಲ್ಲ. ಚಾಲುಕ್ಯರ ಕಾಲದ ಗುಡಿಗಳ ನಡುವೆ ಇರುವ ಈ ಹೊಂಡಕ್ಕೆ ಗುಡ್ಡದ ಒಡಲಿನಿಂದ ಬುಗ್ಗೆಯ ನೀರು ಬರುತ್ತದೆ. ಬಂದ ನೀರು ಹರಿದು ಹೋಗುತ್ತದೆ. ಗುಡಿಗಳಿಗೆ ಸಾವಿರದ ನಾನೂರು ವರ್ಷ ಆಗುತ್ತ ಬಂದರೂ ಹೊಂಡ ಹಳಸಿಲ್ಲ. ಯಾಕೆ? ನೀರು ಬರುವುದೂ ನಿಂತಿಲ್ಲ, ಹೋಗುವುದೂ ನಿಂತಿಲ್ಲ. ವಯಸ್ಸಾದ ಮಾತ್ರಕ್ಕೆ ನೀರು ಕೆಡುವುದಿಲ್ಲ, ನಿಂತರೆ ಕೆಡುತ್ತದೆ. ಮನಸ್ಸಿನ ಧರ್ಮವೂ ಇದೇ.

ನಲವತ್ತೈದು, ಐವತ್ತು ದಾಟಿದವರು ಆಡುವ ಮಾತು ಕೇಳಿರಿ. "ಅಪ್ಪಾರ, ಏನಿಟ್ಟೆ ಎಲ್ಲಿಟ್ಟೆ ನೆನಪ ಆಗವಲ್ದರಿ. ಇನ್ನ ನಮ್ಮದೇನೈತ್ರಿ, ಮುಗೀತು." ಮಗನ ಕೆಲಸ, ಮಗಳ ಮದುವೆ, ಬ್ಯಾಂಕಿನ ಸಾಲ, ಹಾಸಿಗೆ ಹಿಡಿದ ತಾಯಿ, ಇಷ್ಟೆಲ್ಲ ಒಂದೇ ತಲೆಯ ಮೇಲೆ ಕೂತಿರುವಾಗ ಕೀಲಿಕೈ ಇಟ್ಟ ಜಾಗ ಮರೆತರೆ ಅದು ಮುಪ್ಪಲ್ಲ, ಹೊರೆ. ಆದರೆ "ಮುಗೀತು" ಅಂತೀವಲ್ಲ, ಆ ಮಾತಿನಲ್ಲಿ ಅಪಾಯ ಐತಿ. ಅಂದ ದಿನದಿಂದ ಹೊಸದೇನೂ ಕಲಿಯುವುದಿಲ್ಲ, ಯಾರ ಸಂಗಡಲೂ ಬಿಚ್ಚಿ ಮಾತಾಡುವುದಿಲ್ಲ. ಉಣ್ಣುವುದು, ಟಿವಿ ಮುಂದೆ ಕೂಡುವುದು, ಮಲಗುವುದು. ಮನೆಯಲ್ಲಿ ಮನುಷ್ಯ ಇರುತ್ತಾನೆ, ಮನಸ್ಸು ಇರುವುದಿಲ್ಲ.

ನಡುವಯಸ್ಸು ಎಂಥಾದ್ದು ಎಂಬುದನ್ನು ನಮ್ಮ ಇಳಕಲ್ಲಿನ ನೇಕಾರರನ್ನು ನೋಡಿ ತಿಳಿಯಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತದೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದಕ್ಕೆ ತೋಪತೆನಿ ಎನ್ನುತ್ತಾರೆ. ಅವಸರ ಮಾಡಿದರೆ ಆಗುವ ಕೆಲಸ ಅಲ್ಲ ಅದು. ಕಣ್ಣು, ಕೈ, ಚಿತ್ತ ಮೂರೂ ಒಂದೇ ಕಡೆ ಇರಬೇಕು. ನಮ್ಮ ಬಾಳಿಗೂ ದುಡಿಮೆಯ ಒಡಲಿದೆ, ಮುಪ್ಪಿನ ಸೆರಗಿದೆ. ಇವೆರಡೂ ಕೂಡುವ ಜಾಗವೇ ನಡುವಯಸ್ಸು. ಇಲ್ಲಿ ಎಳೆ ತಪ್ಪಿದರೆ ಸೆರಗಿನ ಚೆಂದ ಎಲ್ಲಿಂದ ಬರಬೇಕು? ಮುಪ್ಪು ಬಂದ ಮೇಲೆ ನೋಡೋಣ ಅಂದರೆ ಆಗಲಿಲ್ಲ. ಕುಣಿಕೆ ಹಾಕುವ ಕಾಲ ಈಗಲೇ.

ಮೊದಲನೆಯದು, ಒಳಗೆ ಹೊಸ ನೀರು ಬರಬೇಕು. "ಈ ವಯಸ್ಸಿನಾಗ ಏನ್ ಕಲಿಯೋದ್ರಿ?" ಎನ್ನಬೇಡಿರಿ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಓಣಿಗಳು ಮುಳುಗಡೆಯಾದಾಗ ಜನ ನವನಗರಕ್ಕೆ ಬಂದರು. ಸೆಕ್ಟರ್ ನಂಬರಿನ ಊರು, ಗುರುತಿಲ್ಲದ ನೆರೆಮನೆ. ಅವರೊಳಗೆ ನಲವತ್ತು, ಐವತ್ತು ದಾಟಿದವರೂ ಇದ್ದರು. ಕಣ್ಣೀರು ಹಾಕಿಕೊಂಡೇ ಹೊಸ ದಾರಿ ಕಲಿತರು, ಹೊಸ ಅಂಗಡಿ ಹಾಕಿದರು. ಕಷ್ಟ ಬಂದಾಗ ಕಲಿಯುವ ಮನಸ್ಸು, ಸುಖ ಇದ್ದಾಗ ಯಾಕೆ ಕಲಿಯಬಾರದು? ದಿನಕ್ಕೊಂದು ವಚನ ಬಾಯಿಪಾಠ ಮಾಡಿ ಅದರ ಅರ್ಥವನ್ನು ಮನೆಯವರಿಗೆ ಹೇಳಿರಿ. ಅಕ್ಷರ ಬಾರದ ತಾಯಂದಿರು ಒಂದು ಹೊಸ ಭಜನೆ ಪದ ಕಲಿಯಿರಿ, ಒಂದು ಹೊಸ ಕಸೂತಿ ಹಾಕಿರಿ. ಮೊಮ್ಮಕ್ಕಳ ಪುಸ್ತಕ ಬಿಡಿಸಿ ಕೂಡಿರಿ. ಗೊತ್ತಿದ್ದುದನ್ನೇ ತಿರುಗಿಸಿ ಮಾಡಿದರೆ ಕೈ ನಡೆಯುತ್ತದೆ, ಮನಸ್ಸು ನಿದ್ದೆ ಮಾಡುತ್ತದೆ.

ಎರಡನೆಯದು, ನೀರು ಹೊರಗೆ ಹೋಗಬೇಕು. ಇದೇ ದಾಸೋಹ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಕಾಯಕದ ಜೊತೆಗೇ ದಾಸೋಹವನ್ನು ಇಟ್ಟರು. ದುಡಿದು ಕೂಡಿಡುವುದಷ್ಟೇ ಆದರೆ ಹೊಂಡ ಕೆಟ್ಟಿತು. ದಾಸೋಹ ಅಂದರೆ ಬರೀ ಅನ್ನವಲ್ಲ. ನಿಮಗೆ ಬರುವ ಕಸಬನ್ನು ಒಬ್ಬ ಹುಡುಗನಿಗೆ ಕಲಿಸಿರಿ, ಅದೂ ದಾಸೋಹ. ಮನಸ್ಸಿನ ಸಂಕಟವನ್ನು ನಂಬಿದವರ ಮುಂದೆ ಹೇಳಿಕೊಳ್ಳುವುದೂ ನೀರು ಹೊರಗೆ ಹೋಗುವ ದಾರಿಯೇ. ಗಂಡಸರು ಇದನ್ನು ಅವಮಾನ ಅಂತ ತಿಳೀತಾರ. ಒಳಗೇ ನುಂಗಿ ನುಂಗಿ ಕೊನೆಗೆ ಕುಡಿಯಾಕ ಹತ್ತತಾರ.

ಮೂರನೆಯದು ಹೂಳು. ನೀರು ಎಷ್ಟು ಒಳ್ಳೆಯದಿದ್ದರೂ ಹೂಳು ತುಂಬಿದರೆ ಹೊಂಡ ಉಳಿಯದು. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳ ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. "ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿರಿ" ಎಂದು ಬೇಡಿದರು. ಅದೇ ಮಹಾಂತ ಜೋಳಿಗೆ. ಅನೇಕರು ಸೆರೆ, ಬೀಡಿ, ಗುಟಕಾ ಬಿಟ್ಟು ಮನೆ ಉಳಿಸಿಕೊಂಡರು. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮ ನಾಡಿನಲ್ಲಿ ವ್ಯಸನಮುಕ್ತ ದಿನ. ಚಟ ಶರೀರಕ್ಕೆ ಮಾತ್ರ ಕೆಟ್ಟದ್ದಲ್ಲ, ಮೊದಲು ಎಚ್ಚರವನ್ನು ತಿನ್ನುತ್ತದೆ. ಆದರೆ ಬಹಳ ವರ್ಷ ವಿಪರೀತ ಕುಡಿದವರು ಒಮ್ಮೆಲೆ ನಿಲ್ಲಿಸಿದಾಗ ನಡುಕ, ಫಿಟ್ಸ್ ಬರಬಹುದು. ಅಂಥವರು ದೇವರಿಗೆ ಆಣೆ ಮಾಡುವುದರ ಜೊತೆಗೆ ಡಾಕ್ಟರರನ್ನೂ ಕಾಣಬೇಕು.

ಹೊಂಡದ ಕಟ್ಟೆಯನ್ನೂ ಕಾಯಬೇಕು, ಅಂದರೆ ಶರೀರವನ್ನು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು, ಮುಪ್ಪಿನಲ್ಲಿ ಬರುವ ಮರೆವಿನ ರೋಗಕ್ಕೆ ದಾರಿ ಮಾಡುವ, ಆದರೆ ನಾವು ಸರಿಪಡಿಸಬಹುದಾದ 14 ಕಾರಣಗಳನ್ನು ಹೇಳಿತು. ಅದರಲ್ಲಿ 10 ನಡುವಯಸ್ಸಿನವು. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಅತಿ ಬೊಜ್ಜು, ತಂಬಾಕಿನ ಹೊಗೆ, ಅತಿ ಕುಡಿತ, ಮೈ ಬಗ್ಗಿಸದಿರುವುದು, ತಲೆಗೆ ಪೆಟ್ಟು, ಮನಸ್ಸಿನ ಖಿನ್ನತೆ, ಕಿವಿ ಮಂದವಾಗುವುದು. ಈ 14ನ್ನೂ ಸರಿಪಡಿಸಿದರೆ ಜಗತ್ತಿನಲ್ಲಿ ಇಂಥ ರೋಗದ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೆ ಹಾಕಬಹುದು ಎಂದು ಅವರ ಲೆಕ್ಕ.

ಕಿವಿಯ ಮಾತು ಕೇಳಿ ಆಶ್ಚರ್ಯ ಆಗಬಹುದು. ಶ್ರಾವಣದ ಪುರಾಣಕ್ಕೆ ತಪ್ಪದೆ ಬರುತ್ತಿದ್ದವರು ಒಂದು ವರ್ಷ ಬರುವುದಿಲ್ಲ. ಯಾಕೆಂದರೆ ಕೇಳಿಸುವುದಿಲ್ಲ, ಹೇಳಿಕೊಳ್ಳಲು ನಾಚಿಕೆ. ಕೇಳಿಸದ ಮೇಲೆ ಮಾತು ಕಡಿಮೆ, ಮಾತು ಕಡಿಮೆಯಾದ ಮೇಲೆ ಸಂಗ ಕಡಿಮೆ, ಬುಗ್ಗೆಯೇ ಬತ್ತಿದ ಹಾಗೆ. ಚಾಳೀಸು ಹಾಕಿಕೊಳ್ಳಲು ಇಲ್ಲದ ನಾಚಿಕೆ ಕಿವಿಯ ಮಷೀನಿಗೆ ಯಾಕೆ? ಬೈಕ್ ಹತ್ತಿದರೆ ಹೆಲ್ಮೆಟ್ ಹಾಕಿರಿ, ಬಿಪಿ ಸಕ್ಕರೆ ಆಗಾಗ ತೋರಿಸಿರಿ, ದಿನಾ ನಡೆಯಿರಿ, ಹೊತ್ತಿಗೆ ಮಲಗಿರಿ. ಹರಕೆ ತೀರಿಸಲು ಗುಡ್ಡ ಹತ್ತುವ ಕಾಲಿಗೆ ಊರ ಹೊಲದ ದಾರಿ ದೊಡ್ಡದಲ್ಲ.

ಇಷ್ಟೆಲ್ಲ ಪಾಲಿಸಿದರೂ ಕೆಲವರಿಗೆ ಮರೆವಿನ ರೋಗ ಬಂದೇ ಬರುತ್ತದೆ. ಅದು ಪಾಪದ ಫಲವಲ್ಲ. ಅಂಥ ತಂದೆತಾಯಿಯನ್ನು "ಹೇಳಿದ್ದು ತಿಳಿಯಂಗಿಲ್ಲೇನು" ಅಂತ ಗದರಬೇಡಿರಿ. ಅವರು ಹೆಸರು ಮರೆಯಬಹುದು, ಕೈ ಹಿಡಿದವರ ಅಂತಃಕರಣ ತಿಳಿಯುತ್ತದೆ. ಹಾಗೆಯೇ ದುಃಖ ವಾರಗಟ್ಟಲೆ ಬಿಡದೆ ನಿದ್ದೆ, ಊಟ ತಪ್ಪಿದರೆ, ಬದುಕೇ ಬೇಡ ಅನಿಸಿದರೆ ದೆವ್ವ, ಗಾಳಿ ಅಂತ ದಿನ ಕಳೆಯಬೇಡಿರಿ. ಮನಸ್ಸಿನ ವೈದ್ಯರಿದ್ದಾರೆ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯಿದೆ. 14416ಕ್ಕೆ ಫೋನ್ ಮಾಡಿದರೆ ರೊಕ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಔಷಧ ತೆಗೆದುಕೊಂಡರೆ ಭಕ್ತಿ ಕಡಿಮೆ ಆಗುವುದಿಲ್ಲ.

ಭಕ್ತಬಂಧುಗಳೇ, ದರ್ಶನ ಆದ ಮೇಲೆ ಅವಸರದಿಂದ ಗಾಡಿ ಹತ್ತಬೇಡಿರಿ. ಹೊಂಡದ ಮೆಟ್ಟಿಲ ಮೇಲೆ ಫೋನ್ ಜೇಬಿನಲ್ಲಿಟ್ಟು ಐದು ನಿಮಿಷ ಕಣ್ಣು ಮುಚ್ಚಿ ಕೂಡಿರಿ. ಮನಸ್ಸು ಊರಿಗೆ ಓಡುತ್ತದೆ, ಸಾಲಕ್ಕೆ ಓಡುತ್ತದೆ. ಬೈಯದೆ ಮತ್ತೆ ಕರೆತಂದು ಶಿವನಾಮದಲ್ಲಿ ಕೂಡಿಸಿರಿ. ಹಾಗೆ ಕರೆತರುವುದೇ ಧ್ಯಾನ, ಅದೇ ಎಚ್ಚರ. ಏಳುವ ಮೊದಲು ಒಂದು ಕಲಿಯುವುದನ್ನು, ಒಂದು ಕೊಡುವುದನ್ನು, ಒಂದು ಬಿಡುವುದನ್ನು ಮಹಾಕೂಟೇಶ್ವರನ ಸಾಕ್ಷಿಯಾಗಿ ಸಂಕಲ್ಪ ಮಾಡಿರಿ. ಕಾಯಿ, ಕರ್ಪೂರಕ್ಕಿಂತ ದೊಡ್ಡ ಕಾಣಿಕೆ ಅದು.

ನಿಮ್ಮ ಮನಸ್ಸು ತಿಳಿಯಾಗಿರಲಿ, ಬಾಳಿನ ಸೆರಗು ಚೆಂದಾಗಿ ಕೂಡಲಿ. ಸರ್ವರಿಗೂ ಸನ್ಮಂಗಳವಾಗಲಿ.