ಇಂದಿನ ಧಮ್ಮ ಚಿಂತನೆ: ನೋವನ್ನು ಎಷ್ಟು ದಿನ ಹೇಳಿಕೊಳ್ಳುವುದು?

 

ದೀಕ್ಷೆ ತೆಗೆದುಕೊಂಡ ಮನೆಗಳ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: "ತಾತ-ಮುತ್ತಾತರ ಕಷ್ಟವನ್ನೇ ಎಷ್ಟು ದಿನ ಹೇಳಿಕೊಂಡಿರುವುದು? ಮರೆತು ಮುಂದೆ ಹೋಗಬಾರದೇ?" ಆಗ ನನಗೆ ನೆನಪಾಗುವವರು ಅಮೆರಿಕದ ಕಪ್ಪು ಜನರ ಗಿಟಾರ್ ವಾದಕ ಬಿ.ಬಿ. ಕಿಂಗ್.

ಅವರು ಹುಟ್ಟಿದ್ದು 1925ರಲ್ಲಿ, ಮಿಸಿಸಿಪ್ಪಿಯ ಹತ್ತಿ ಬೆಳೆಯುವ ಸೀಮೆಯಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಬಿಳಿಯರ ಹೊಲದಲ್ಲಿ ಹತ್ತಿ ಬಿಡಿಸಿದರು, ಟ್ರ್ಯಾಕ್ಟರ್ ಓಡಿಸಿದರು. ಅಂಥ ಕೂಲಿಗಳ ಸಂಕಟದಿಂದಲೇ ಹುಟ್ಟಿದ್ದು ಬ್ಲೂಸ್ ಎಂಬ ಹಾಡಿನ ಬಗೆ. ಅದನ್ನು ಹಿಡಿದು ಅವರು ಊರೂರು ತಿರುಗಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ 1956ರಲ್ಲಿ, ಆ ಒಂದೇ ವರ್ಷ ಕಿಂಗ್ 342 ಕಾರ್ಯಕ್ರಮ ಕೊಟ್ಟರು.

ಆದರೆ 1960ರ ದಶಕದಲ್ಲಿ ಅನೇಕ ಕಪ್ಪು ತರುಣರೇ ಬ್ಲೂಸ್ ಅನ್ನು ಹಳೇ ಕಾಲದ ಗೋಳು ಎಂದು ದೂರವಿಟ್ಟರು. ವೇದಿಕೆಯ ಮೇಲಿದ್ದ ಕಿಂಗರನ್ನು ಕೂಗಿ ಅಣಕಿಸಿದ್ದೂ ಉಂಟು. ನಮ್ಮ ಹುಡುಗರ ಪ್ರಶ್ನೆಯೂ ಅದೇ ಅಲ್ಲವೇ? ಕಿಂಗ್ ತಮ್ಮ ಹಾಡು ಬಿಡಲಿಲ್ಲ. 1970ರಲ್ಲಿ ಶಿಕಾಗೋದ ಕುಕ್ ಕೌಂಟಿ ಜೈಲಿಗೆ ಹೋಗಿ ಕೈದಿಗಳ ಮುಂದೆ ನುಡಿಸಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಆಮೇಲೂ ಹಲವು ಜೈಲುಗಳಿಗೆ ಹೋದರು, ಕೈದಿಗಳ ಏಳಿಗೆಗೆಂದು ಸಂಸ್ಥೆಯೊಂದನ್ನು ಕಟ್ಟುವುದಕ್ಕೂ ಕೈಜೋಡಿಸಿದರು. ತಮ್ಮ ನೋವನ್ನು ಮರೆಯದ ಕಾರಣಕ್ಕೇ ಇನ್ನೊಬ್ಬರ ನೋವು ಅವರಿಗೆ ಕೇಳಿಸಿತು ಎಂದು ನಾನು ತಿಳಿಯುತ್ತೇನೆ. ನಾವು ಕರುಣೆ ಅನ್ನುವುದು ಇದಕ್ಕೇ.

ದುಃಖವಿದೆ ಎಂದು ಗುರುತಿಸುವುದು, ಅದನ್ನು ನೀಗುವ ದಾರಿ ತೋರುವುದು, ಇವೇ ಧಮ್ಮದ ಅಡಿಪಾಯ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ವಿವರಿಸಿದ್ದಾರೆ. ಎರಡೂ ಬೇಕು. ಬರೀ ಹಾಡಿನಿಂದ ಜೀತ ಬಿಡುಗಡೆಯಾಗುವುದಿಲ್ಲ. ಅಮೆರಿಕದಲ್ಲಿ ಕಪ್ಪು ಜನ ಬೀದಿಗಿಳಿದು ಹೋರಾಡಿದ ಮೇಲೆಯೇ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಆದರೆ ಬಾಯಿಬಿಟ್ಟು ಹೇಳದ ನೋವಿನ ಕಾರಣವನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅದು ಕರ್ಮಫಲವೆಂದೇ ಉಳಿದುಬಿಡುತ್ತದೆ.

ಆದ್ದರಿಂದ ಹುಡುಗರಿಗೆ ನನ್ನ ಉತ್ತರ ಇಷ್ಟೇ. ನೋವನ್ನು ಹೇಳುವುದರಲ್ಲಿ ನಾಚಿಕೆಯಿಲ್ಲ. ಹೇಳಿ ಅಲ್ಲಿಗೇ ನಿಲ್ಲಬೇಡಿ. ಅದರ ಕಾರಣ ಹುಡುಕಿ, ಅದೇ ನೋವಿನಲ್ಲಿರುವ ಇನ್ನೊಬ್ಬರ ಬಾಗಿಲಿಗೆ ಹೋಗಿ.

ಇಂದು ಮನೆಯ ಹಿರಿಯರೊಬ್ಬರ ಪಕ್ಕ ಕೂತು ಅವರು ಕಂಡದ್ದನ್ನು ಕೇಳೋಣ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.