ಹಕ್ಕಿಗೆ ಹಾಕುವ ಕಾಳು: ದಯೆ ಮತ್ತು ಯತ್ನಾಚಾರ

ಹಸಿದ ಪ್ರಾಣಿಗೆ ಆಹಾರ ನೀಡುವುದು ಪುಣ್ಯಕಾರ್ಯವೆಂಬುದರಲ್ಲಿ ಶ್ರಾವಕರಾದವರಿಗೆ ಸಂದೇಹವಿರಲಾರದು. ಅಂಗಡಿಯ ಬಾಗಿಲು ತೆರೆಯುವ ಮುನ್ನ ಹಕ್ಕಿಗಳಿಗೆ ಒಂದು ಹಿಡಿ ಜೋಳ ಚೆಲ್ಲುವ ವರ್ತಕರು ಅನೇಕ ಊರುಗಳಲ್ಲಿದ್ದಾರೆ. ಆದರೆ ದಾನವು ಕೈಯಿಂದ ಕಾಳು ಬಿದ್ದ ಕ್ಷಣಕ್ಕೆ ಮುಗಿಯುವ ಕ್ರಿಯೆಯೇ, ಅಥವಾ ಆ ಕಾಳಿನ ಸುತ್ತ ಮುಂದೆ ನಡೆಯುವುದೂ ದಾನಿಯ ಹೊಣೆಗೆ ಸೇರಿದ್ದೇ? ಕಾಡುಹಕ್ಕಿಗಳ ರೋಗಗಳ ವಿಷಯದಲ್ಲಿ ಕಳೆದ ಮೂರು ದಶಕಗಳಲ್ಲಿ ದೊರೆತಿರುವ ತಿಳಿವಳಿಕೆಯು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿರಿಸಿದೆ.

ಅಮೆರಿಕದ ಹೌಸ್ ಫಿಂಚ್ ಎಂಬ ಹಕ್ಕಿಯ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ. ಗುಬ್ಬಚ್ಚಿಯ ಗಾತ್ರದ, ಗಂಡಿನ ತಲೆ-ಎದೆಗಳಲ್ಲಿ ಕೆಂಪು ಬಣ್ಣವುಳ್ಳ ಈ ಹಕ್ಕಿ ಮೂಲತಃ ಆ ಖಂಡದ ಪಶ್ಚಿಮ ಭಾಗ ಮತ್ತು ಮೆಕ್ಸಿಕೋ ದೇಶದ್ದು. ಅದನ್ನು ಹಿಡಿದು ಪಂಜರದಲ್ಲಿಟ್ಟು ಪೂರ್ವದ ನ್ಯೂಯಾರ್ಕಿನಲ್ಲಿ ಮಾರುತ್ತಿದ್ದರು. 1918ರ ವಲಸೆ ಹಕ್ಕಿಗಳ ಕಾಯಿದೆಯಂತೆ ಈ ವ್ಯಾಪಾರ ಅಪರಾಧವೆಂದು ತಿಳಿದಾಗ, 1940ರ ಸುಮಾರಿಗೆ ವ್ಯಾಪಾರಿಗಳು ಹಕ್ಕಿಗಳನ್ನು ಅಲ್ಲಿಯೇ ಹಾರಿಬಿಟ್ಟರು. ಪಂಜರವನ್ನು ತೆರೆಸಿದ್ದು ದಂಡದ ಭಯ; ಇದನ್ನು ಅಭಯದಾನದ ಖಾತೆಗೆ ಜಮಾ ಮಾಡುವಂತಿಲ್ಲ. ಹೇಗೂ ಆ ಕೆಲವೇ ಹಕ್ಕಿಗಳ ಸಂತತಿಯು ಮನೆಗಳ ಹಿತ್ತಿಲಿನಲ್ಲಿ ತೂಗುಹಾಕಿದ ಕಾಳಿನ ತೊಟ್ಟಿಗಳನ್ನು ಆಶ್ರಯಿಸಿ, ಅರ್ಧ ಶತಮಾನದಲ್ಲಿ ಪೂರ್ವ ಅಮೆರಿಕವನ್ನೆಲ್ಲ ವ್ಯಾಪಿಸಿತು.

1994ರ ಚಳಿಗಾಲದಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತಲ ಮನೆಗಳವರು ತಮ್ಮ ತೊಟ್ಟಿಗೆ ಬರುವ ಫಿಂಚುಗಳ ಕಣ್ಣು ಕೆಂಪಾಗಿ ಊದಿಕೊಂಡಿರುವುದನ್ನು ಕಂಡರು. ಕೆಲವಕ್ಕೆ ರೆಪ್ಪೆಗಳು ಅಂಟಿಕೊಂಡು ದೃಷ್ಟಿಯೇ ಇರಲಿಲ್ಲ. ಕಣ್ಣು ಕಾಣದ ಹಕ್ಕಿ ಹಸಿವಿನಿಂದಲೋ ಬೆಕ್ಕು-ಗಿಡುಗಗಳ ಬಾಯಿಗೆ ಸಿಕ್ಕಿಯೋ ಸಾಯುತ್ತದೆ. ಕಾರಣವು ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ. ಕೋಳಿ ಮತ್ತು ಟರ್ಕಿಗಳ ಸಾಕಣೆಯಲ್ಲಿ ಉಸಿರಾಟದ ರೋಗವನ್ನು ತರುವುದೆಂದು ಇದು ಮೊದಲೇ ಪರಿಚಿತವಾಗಿತ್ತು. ಕಾಡಿನ ಹಾಡುಹಕ್ಕಿಗಳಲ್ಲಿ ಹೀಗೆ ಹರಡಿದ್ದು ಅದೇ ಮೊದಲು. ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಸಂಸ್ಥೆಯು ಅದೇ ವರ್ಷದ ನವೆಂಬರಿನಿಂದ ಸಾಮಾನ್ಯ ಗೃಹಸ್ಥರ ನೆರವಿನಿಂದಲೇ ರೋಗದ ಲೆಕ್ಕ ಇಡಲಾರಂಭಿಸಿತು. ಕೆಲವೇ ವರ್ಷಗಳಲ್ಲಿ ರೋಗವು ಪೂರ್ವಭಾಗವನ್ನೆಲ್ಲ ಆವರಿಸಿತು. ಹಕ್ಕಿಗಳು ದಟ್ಟವಾಗಿದ್ದ ಪ್ರದೇಶಗಳಲ್ಲಿ ಅವುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು.

ರೋಗಾಣುವಿನ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ, ಬೇರೆ ಬೇರೆ ರಾಜ್ಯಗಳ ಫಿಂಚುಗಳಲ್ಲಿ ದೊರೆತವೆಲ್ಲವೂ ಒಂದೇ ಮೂಲದಿಂದ ಬಂದ ತಳಿಯೆಂದು ಕಂಡುಬಂದಿತು. ಹೊಸ ಆಶ್ರಯದಲ್ಲಿ ಅದು ಅತಿ ಶೀಘ್ರವಾಗಿ ಬದಲಾಗುತ್ತ ಹೋಯಿತು, ಕಾಲಕ್ರಮದಲ್ಲಿ ಹೆಚ್ಚು ಉಗ್ರವೂ ಆಯಿತು. ಹಕ್ಕಿಗಳ ಕಡೆಯಲ್ಲಿಯೂ ವೈವಿಧ್ಯದ ಪ್ರಶ್ನೆಯಿದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆನುವಂಶಿಕ ವೈವಿಧ್ಯ ಕಡಿಮೆಯಿರುವ ಫಿಂಚುಗಳಲ್ಲಿ ರೋಗವು ಹೆಚ್ಚು ತೀವ್ರವಾಗಿರುವುದು ಕಂಡಿತು. ಮುಂದೆ ಕೆಲವು ತಲೆಮಾರುಗಳಲ್ಲಿ ಬದುಕುಳಿದ ಹಕ್ಕಿಗಳ ಸಂತತಿಗೆ ರೋಗವನ್ನು ತಡೆಯುವ ಶಕ್ತಿ ಬಂದಿತಾದರೂ, ಅರೆಬರೆ ರೋಗನಿರೋಧವುಳ್ಳ ಹಕ್ಕಿಗಳ ನಡುವೆ ಉಗ್ರವಾದ ತಳಿಗಳಿಗೇ ಮೇಲುಗೈಯಾಗುತ್ತದೆಂದು 2018ರ ಸಂಶೋಧನೆ ತೋರಿಸಿತು. ಒಂದು ಕಡೆಯ ಬಲವೇ ಇನ್ನೊಂದು ಕಡೆಯ ಕ್ರೌರ್ಯವನ್ನು ಬೆಳೆಸುವ ಸ್ಥಿತಿ.

ಇದರಲ್ಲಿ ಕಾಳಿನ ತೊಟ್ಟಿಯ ಪಾತ್ರವೇನು? ರೋಗಿಯಾದ ಹಕ್ಕಿಯು ತೊಟ್ಟಿಯ ರಂಧ್ರಕ್ಕೆ ತಲೆಯೊಡ್ಡಿ ತಿನ್ನುವಾಗ ಅದರ ಕಣ್ಣಿನ ಸ್ರಾವವು ಅಂಚಿಗೆ ತಗಲುತ್ತದೆ; ಹಿಂದಿನಿಂದ ಬಂದ ಹಕ್ಕಿಯ ಕಣ್ಣು ಅದೇ ಅಂಚಿಗೆ ಉಜ್ಜುತ್ತದೆ. ತೊಟ್ಟಿಯಲ್ಲಿ ಹೆಚ್ಚು ಹೊತ್ತು ಕಳೆಯುವ ಹಕ್ಕಿಗಳೇ ರೋಗವನ್ನು ಹೆಚ್ಚಾಗಿ ಪಡೆಯುತ್ತವೆ ಮತ್ತು ಹರಡುತ್ತವೆಂಬುದೂ, ತೊಟ್ಟಿಗಳು ಒತ್ತಾಗಿದ್ದಷ್ಟೂ ರೋಗ ವೇಗವಾಗಿ ಸಾಗುತ್ತದೆಂಬುದೂ ಪ್ರಯೋಗಗಳಿಂದ ಸ್ಥಾಪಿತವಾಗಿದೆ. ಹಸಿವನ್ನು ನೀಗಿಸಲು ಇಟ್ಟ ಪಾತ್ರೆಯೇ ರೋಗದ ಸಂತೆಯಾಯಿತು.

ಹಾಗಾದರೆ ಕಾಳು ಹಾಕಿದವನು ಹಿಂಸೆಗೆ ಭಾಗಿಯೇ? ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ಪ್ರಮಾದಕ್ಕೆ ಕೊಟ್ಟ ಸ್ಥಾನ ಎಲ್ಲರಿಗೂ ತಿಳಿದದ್ದೇ. ಪ್ರಾಣಹಾನಿಯಾಯಿತೆಂಬ ಮಾತ್ರಕ್ಕೆ ದೋಷವಿಲ್ಲ, ಆಗಲಿಲ್ಲವೆಂಬ ಮಾತ್ರಕ್ಕೆ ನಿರ್ದೋಷವೂ ಇಲ್ಲ. ಎಚ್ಚರ ತಪ್ಪಿದ ಮನೋವಾಕ್ಕಾಯಗಳೇ ಮುಖ್ಯ. ಈ ದೃಷ್ಟಿಯಿಂದ 1994ಕ್ಕೆ ಮುನ್ನ ತೊಟ್ಟಿ ತೂಗುಹಾಕಿದವರನ್ನು ದೂಷಿಸಲು ಕಾರಣವಿಲ್ಲ. ಆದರೆ ತಿಳಿದ ಮೇಲೆಯೂ ತಿಂಗಳುಗಟ್ಟಲೆ ತೊಳೆಯದ ತೊಟ್ಟಿಗೆ ಹೊಸ ಕಾಳು ಸುರಿಯುವವನ ಸ್ಥಿತಿ ಬೇರೆ. ಅವನ ಭಾವವು ಶುಭವಾಗಿಯೇ ಇರಬಹುದು. ಶುಭಭಾವವು ಯತ್ನಾಚಾರದ ಬದಲಿಗೆ ಸಲ್ಲುವ ನಾಣ್ಯವಲ್ಲ. ಪುಣ್ಯಕ್ಕಾಗಿ ಮಾಡುವ ಕೆಲಸದಲ್ಲಿಯೇ ಮನುಷ್ಯರು ಲೆಕ್ಕ ನೋಡುವುದನ್ನು ಬಿಡುತ್ತಾರೆ. ವ್ಯಾಪಾರದಲ್ಲಿ ಅದೇ ಮನುಷ್ಯರು ಒಂದು ಮೂಟೆಯ ತೂಕಕ್ಕೂ ಎರಡು ಸಲ ತಕ್ಕಡಿ ಹಿಡಿಯುತ್ತಾರೆ.

ಇಲ್ಲಿ ಒಂದು ಆಕ್ಷೇಪವುಂಟು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. 2021ರ ಆರಂಭದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಪೈನ್ ಸಿಸ್ಕಿನ್ ಎಂಬ ಪುಟ್ಟ ಹಕ್ಕಿಗಳು ಸಾಲ್ಮೊನೆಲ್ಲಾ ರೋಗದಿಂದ ಗುಂಪುಗುಂಪಾಗಿ ಸತ್ತಾಗ, ಮನುಷ್ಯರಿಗೂ ಸೋಂಕು ತಗಲಿದಾಗ, ವನ್ಯಜೀವಿ ಇಲಾಖೆಗಳು ಕೆಲವು ವಾರಗಳವರೆಗೆ ತೊಟ್ಟಿಗಳನ್ನೇ ತೆಗೆದಿಡಬೇಕೆಂದು ಜನರನ್ನು ಕೇಳಿಕೊಂಡವು. ಹೀಗೆ ಚಳಿಗಾಲದ ನಡುವೆ ಆಹಾರ ನಿಲ್ಲಿಸುವುದು ಅತಿಚಾರವಲ್ಲವೇ? ಈ ಅತಿಚಾರದ ಮಾತು ಬಂಧ, ವಧ, ಛೇದ, ಅತಿಭಾರಾರೋಪಣಗಳ ಜೊತೆಯಲ್ಲಿ ಬಂದಿದೆ. ಕಟ್ಟಿಹಾಕಿದ ಎತ್ತು, ಹೊರೆ ಹೊರುವ ಕತ್ತೆ, ಮನೆಯ ಆಳು ಇವರನ್ನು ಕುರಿತ ಮಾತಿದು. ಬೇರೆಡೆ ಹೋಗಿ ತಿನ್ನುವ ಸ್ವಾತಂತ್ರ್ಯವನ್ನು ಕಿತ್ತುಕೊಂಡವನೇ ಅನ್ನವನ್ನೂ ತಡೆದರೆ ಬರುವ ದೋಷ. ರೆಕ್ಕೆಯುಳ್ಳ ಸಿಸ್ಕಿನ್ ಕೊಕ್ಕಿಗೆ ಕಾಡಿನ ಬೀಜಗಳಿವೆ. ತೊಟ್ಟಿ ತೆಗೆದರೆ ಗುಂಪು ಚದರುತ್ತದೆ, ಚದರಿದರೆ ರೋಗದ ಸರಪಳಿ ಕಡಿಯುತ್ತದೆ. ಅಲ್ಲಿ ಕಾಳು ನಿಲ್ಲಿಸುವುದೇ ದಯೆ.

ಮತ್ತೊಂದು ಸೂಕ್ಷ್ಮ ಪ್ರಶ್ನೆಯನ್ನು ಶಾಸ್ತ್ರಾಭ್ಯಾಸಿಗಳು ಎತ್ತಬಹುದು. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಟ್ಟಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ ಎಂಬುದು ಅಲ್ಲಿನ ತಜ್ಞರ ಸಾಮಾನ್ಯ ಸಲಹೆ. ಹಾಗೆ ತೊಳೆದಾಗ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುವುದಿಲ್ಲವೇ? ಸಾಯುತ್ತವೆ. ಅವುಗಳನ್ನು ಏಕೇಂದ್ರಿಯಗಳೆಂದೇ ಎಣಿಸಿದರೂ, ಗೃಹಸ್ಥನು ನೆಲ ಸಾರಿಸುವಾಗ, ಅಡಿಗೆ ಮಾಡುವಾಗ ಆಗುವ ಆರಂಭೀ ಹಿಂಸೆಯ ವರ್ಗಕ್ಕೇ ಇದು ಸೇರುತ್ತದೆ. ಇದಕ್ಕೆ ಅಂಜಿ ತೊಳೆಯದೆ ಬಿಟ್ಟರೆ ಪಂಚೇಂದ್ರಿಯವುಳ್ಳ ಹಕ್ಕಿ ಕುರುಡಾಗಿ ಸಾಯುತ್ತದೆ. ಕಾಳನ್ನೇ ಹಾಕದವನಿಗೆ ಈ ಎರಡೂ ಇಲ್ಲವೆಂಬುದು ನಿಜ. ತೊಟ್ಟಿ ಇಟ್ಟ ಮೇಲೆ ತೊಳೆಯುವ ಭಾರವೂ ಅದರೊಂದಿಗೇ ಬರುತ್ತದೆ.

ರೋಗದ ಮಾತು ಕೇಳಿದೊಡನೆ ಹಕ್ಕಿಗಳನ್ನೆಲ್ಲ ಅಶುಚಿಯೆಂದು ದೂರವಿಡುವ ಇನ್ನೊಂದು ಅತಿಯೂ ಇದೆ. ರೋಗಾಣುಗಳ ವೈವಿಧ್ಯವನ್ನು ಬಲ್ಲವರು ಇಂಥ ಏಕಾಂತವನ್ನು ಒಪ್ಪಲಾರರು. ಬ್ರಿಟನ್ನಿನ ತೋಟದ ಹಕ್ಕಿಗಳಲ್ಲಿ ಕಾಣುವ ಸಾಲ್ಮೊನೆಲ್ಲಾ ತಳಿಗಳು ಹಕ್ಕಿಗಳಿಗೇ ಒಗ್ಗಿಕೊಂಡವು, ದನ-ಹಂದಿಗಳಲ್ಲಿ ಸಾಮಾನ್ಯವಾಗಿ ಇರುವ ತಳಿಗಳಿಂದ ಬೇರೆಯಾದವು. ಗಿಳಿಜ್ವರ ತರುವ ಕ್ಲಮೈಡಿಯಾ ಸಿಟ್ಟಾಸಿಯಲ್ಲಿಯೂ ಗಿಳಿಗಳಲ್ಲಿ ಹೆಚ್ಚಾಗಿರುವ ವಂಶಬಗೆ ಒಂದು, ಪಾರಿವಾಳಗಳಲ್ಲಿರುವುದು ಇನ್ನೊಂದು. ಮನುಷ್ಯರಲ್ಲಿ ತೀವ್ರ ರೋಗ ತಂದದ್ದು ಬಹುಮಟ್ಟಿಗೆ ಮೊದಲನೆಯದು. 1929-30ರಲ್ಲಿ ದಕ್ಷಿಣ ಅಮೆರಿಕದ ಗಿಳಿಗಳನ್ನು ಕಿಕ್ಕಿರಿದ ಪಂಜರಗಳಲ್ಲಿ ಸಾಗಿಸಿ ಹಬ್ಬದ ಉಡುಗೊರೆಯಾಗಿ ಮಾರಿದಾಗ ಈ ಜ್ವರ ಹಲವು ದೇಶಗಳಿಗೆ ಹಬ್ಬಿತು. ಅಲ್ಲಿ ಅಪರಾಧಿ ಗಿಳಿಯೋ, ಪಂಜರವೋ?

ಅಲಾಸ್ಕಾದ 2008ರ ಪ್ರಕರಣ ಇದಕ್ಕಿಂತ ಸ್ಪಷ್ಟ. ಹಸಿ ಬಟಾಣಿ ತಿಂದ ಹಲವರಿಗೆ ಕ್ಯಾಂಪಿಲೋಬ್ಯಾಕ್ಟರ್ ಸೋಂಕಿನಿಂದ ಭೇದಿಯಾಯಿತು. ಬಟಾಣಿಯ ಹೊಲಕ್ಕೆ ಇಳಿಯುತ್ತಿದ್ದ ಕೊಕ್ಕರೆ ಜಾತಿಯ ಸ್ಯಾಂಡ್‌ಹಿಲ್ ಕ್ರೇನುಗಳ ಹಿಕ್ಕೆಯಲ್ಲಿನ ರೋಗಾಣುವೂ ರೋಗಿಗಳಲ್ಲಿದ್ದುದೂ ಒಂದೇ ಎಂದು ಡಿಎನ್‌ಎ ಗುರುತಿನಿಂದ ಸಿದ್ಧವಾಯಿತು. ಆದರೆ ಬಟಾಣಿ ತೊಳೆದು ಸಿದ್ಧಪಡಿಸುವಲ್ಲಿ ಬಳಸಿದ ನೀರಿನಲ್ಲಿ ಇರಬೇಕಾದ ಕ್ಲೋರಿನ್ ಇರಲಿಲ್ಲವೆಂಬುದೂ ತನಿಖೆಯಲ್ಲಿ ಹೊರಬಂತು. ಹಕ್ಕಿಗೆ ಹೊಲ ಯಾರದೆಂಬ ವಿವೇಚನೆಯಿಲ್ಲ. ತೊಳೆದು ಮಾರುವವನಿಗೆ ಇದೆ.

ನಮ್ಮ ದೇಶದಲ್ಲಿ ಈ ವಿಚಾರ ಬೀದಿಗೆ ಬಂದದ್ದು 2025ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಮುಂಬಯಿಯ ದಾದರ್ ಕಬೂತರಖಾನೆಯನ್ನು ನಗರಪಾಲಿಕೆ ಮುಚ್ಚಿದಾಗ. ಜೈನ ಸಮಾಜದ ಅನೇಕರು ಪ್ರತಿಭಟಿಸಿದರು; ವಿಷಯ ಉಚ್ಚ ನ್ಯಾಯಾಲಯದ ಮುಂದಿತ್ತು. ಪಾರಿವಾಳಗಳ ಹಿಕ್ಕೆ-ಗರಿಗಳ ಧೂಳಿನಿಂದ ಕೆಲವರ ಶ್ವಾಸಕೋಶ ಕೆಡುವುದು ಬ್ಯಾಕ್ಟೀರಿಯಾದಿಂದಲ್ಲ, ದೇಹದ ಅತಿಪ್ರತಿಕ್ರಿಯೆಯಿಂದ. ವಾದ-ಪ್ರತಿವಾದಗಳಲ್ಲಿ ಎರಡನ್ನೂ ಬೆರೆಸಿದವರು ಎರಡೂ ಕಡೆ ಇದ್ದರು. ಅಮೆರಿಕದ ಸಿಸ್ಕಿನ್ನಿಗೆ ಹೇಳಿದ ಮಾತನ್ನು ದಾದರಿನ ಪಾರಿವಾಳಕ್ಕೆ ಹಾಗೆಯೇ ಅನ್ವಯಿಸುವುದೂ ಸರಿಯಲ್ಲ. ತಲೆಮಾರುಗಳಿಂದ ಒಂದೇ ಕಟ್ಟೆಯ ಕಾಳಿನಲ್ಲಿ ಬೆಳೆದ ಹಿಂಡಿಗೆ ಒಂದೇ ದಿನದಲ್ಲಿ ಆಹಾರ ನಿಲ್ಲಿಸಿದರೆ, ಕಟ್ಟಿಹಾಕದೆಯೂ ಕಟ್ಟಿಹಾಕಿದಂತೆಯೇ. ಅನ್ನಪಾನನಿರೋಧದ ಆಕ್ಷೇಪಕ್ಕೆ ಇಲ್ಲಿ ನಿಜವಾದ ತೂಕವಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರೂ ಅವುಗಳ ಸಂಖ್ಯೆ ಇಳಿಯಲಿಲ್ಲ; ಕಾಳು ಹೇರಳವಾಗಿದ್ದುದರಿಂದ ಹೊಸ ಮರಿಗಳು ಆ ಜಾಗವನ್ನು ತುಂಬಿದವು. 1988ರಿಂದ ಅಲ್ಲಿ ಕೊಲ್ಲುವುದರ ಬದಲು, ಅತಿಯಾಗಿ ಕಾಳು ಹಾಕುವುದರಿಂದ ಹಕ್ಕಿಗಳಿಗೇ ಇಕ್ಕಟ್ಟು, ರೋಗ, ಮರಿಗಳ ಸಾವು ಉಂಟಾಗುತ್ತವೆಂದು ಕರಪತ್ರಗಳ ಮೂಲಕ ನಾಗರಿಕರಿಗೆ ತಿಳಿಹೇಳಲಾಯಿತು. ನಾಲ್ಕು ವರ್ಷಗಳ ಆಸುಪಾಸಿನಲ್ಲಿ ಇಪ್ಪತ್ತು ಸಾವಿರದಷ್ಟಿದ್ದ ಹಿಂಡು ಹತ್ತು ಸಾವಿರಕ್ಕೆ ಬಂತು. ಆ ಯೋಜನೆಯಲ್ಲಿ ಕೆಲವು ಗೂಡುಮನೆಗಳನ್ನು ಕಟ್ಟಿಸಿ ಅಲ್ಲಿಂದ ಮೊಟ್ಟೆಗಳನ್ನು ತೆಗೆಯುತ್ತಿದ್ದರು. ಇದನ್ನು ಶ್ರಾವಕರು ಒಪ್ಪಲಾರರು. ಆದರೆ ಸಂಖ್ಯೆ ಇಳಿಯಲು ಮುಖ್ಯ ಕಾರಣ ಮೊಟ್ಟೆ ತೆಗೆದದ್ದಲ್ಲ, ಜನರು ತಾವಾಗಿಯೇ ಕಾಳನ್ನು ಕಡಿಮೆ ಮಾಡಿದ್ದು ಎಂದು ಆ ಯೋಜನೆಯನ್ನು ನಡೆಸಿದವರೇ ಬರೆದಿದ್ದಾರೆ.